ಮಠದ ಹುಳಿ ಅಂಬಲಿ

ಮಲಪ್ರಭೆಯ ದಂಡೆಯ ಹುಲಿಗೊಪ್ಪದ ಮಠಕ್ಕೆ ಆಗ ಇಂದಿನ ಮಹಾದ್ವಾರವಿರಲಿಲ್ಲ. ಮಣ್ಣಿನ ಮಾಳಿಗೆ, ಅಂಗಳದಲ್ಲೊಂದು ಬೇವಿನ ಮರ, ಅದರ ಬುಡಕ್ಕೊಂದು ಕಲ್ಲುಹಾಸು. ಪೂಜ್ಯ ಶ್ರೀ ಮೌನಲಿಂಗ ಶಿವಯೋಗಿಗಳು ಲಿಂಗಪೂಜೆ ಮುಗಿಸಿ ಬಂದು ಆ ಹಾಸಿನ ಮೇಲೆಯೇ ಕುಳಿತು ಭಕ್ತರೊಡನೆ ಪ್ರಸಾದ ಸ್ವೀಕರಿಸುತ್ತಿದ್ದರು. ಪ್ರಸಾದವೆಂದರೆ ಜೋಳದ ಹುಳಿ ಅಂಬಲಿ. ಹಿಟ್ಟನ್ನು ಹಿಂದಿನ ದಿನದ ಹುಳಿನೀರಿನಲ್ಲಿ ಕಲೆಸಿ ರಾತ್ರಿಯೆಲ್ಲ ಗಡಿಗೆಯಲ್ಲಿಟ್ಟು, ನಸುಕಿನಲ್ಲಿ ಕುದಿಸಿ, ಆರಿದ ಮೇಲೆ ಮಜ್ಜಿಗೆ ಬೆರೆಸುವರು. ಕಡಿದುಕೊಳ್ಳಲು ಹಸಿ ಉಳ್ಳಾಗಡ್ಡಿ. ಆ ಅಂಬಲಿಯ ಘಮ ಊರಬಾಗಿಲ ಅಗಸಿಯವರೆಗೂ ಬರುತ್ತಿತ್ತೆಂದು ಹಿರಿಯರು ಇಂದಿಗೂ ನೆನೆಯುತ್ತಾರೆ.

ಒಂದು ಬೇಸಿಗೆಯಲ್ಲಿ ಪೈಲ್ವಾನ ಫಕೀರಪ್ಪ ಆ ಅಂಗಳಕ್ಕೆ ಬಂದ. ದೂರದ ಊರಿನ ದೇಸಾಯರು ಸಾಕಿದ ಜಟ್ಟಿ ಅವನು. ಹಿಂದಿನ ತಿಂಗಳ ಕುಸ್ತಿಯಲ್ಲಿ ಸಿದ್ರಾಮನೆಂಬವನ ಎದುರು, ಪಟ್ಟು ಹಾಕುವ ಮೊದಲೇ ಹೊಟ್ಟೆ ಹಿಡಿದುಕೊಂಡು ಕುಸಿದು, ಬೆನ್ನು ನೆಲಕ್ಕೆ ತಾಗಿ ಚಿತ್ ಆಗಿದ್ದ. ಅಂದಿನಿಂದ ತಾಲೀಮಿಲ್ಲ, ನಿದ್ದೆಯಿಲ್ಲ. ಬಂದವನು ಪಾದಕ್ಕೆ ಎರಗಿದನೇ ಹೊರತು ಕಣ್ಣಲ್ಲಿ ಭಕ್ತಿಗಿಂತ ಸಿಟ್ಟೇ ಹೆಚ್ಚಿತ್ತು.

"ಹೊಟ್ಟಿ ಉರೀತೈತ್ರಿ ಅಪ್ಪಾರ. ಉಂಡದ್ದು ದಕ್ಕವಲ್ದು. ಸಿದ್ರಾಮ ನನಗ ಮಾಟ ಮಾಡಿಸ್ಯಾನ್ರಿ. ನೀವು ತೆಗೀರಿ. ಇಲ್ಲಾಂದ್ರ ನಾನ ಹೋಗಿ ಅವನ್ನ ಮುಗಿಸಿಬಿಡ್ತೇನಿ."

ಶಿವಯೋಗಿಗಳು ಅವನನ್ನು ನೋಡಿ ಶಾಂತವಾಗಿ ಕೇಳಿದರು: "ದಿನಾ ಏನ್ ಉಣ್ತೀಪಾ?"

ಫಕೀರಪ್ಪ ಹೆಮ್ಮೆಯಿಂದಲೇ ಹೇಳಿದ. ತುಪ್ಪ, ಬಾದಾಮಿ, ಕುದಿಸಿ ಗಟ್ಟಿ ಮಾಡಿದ ಹಾಲು, ತತ್ತಿ, ಮಾಂಸ, ಮೇಲೆ ಪೇಡೆ. ಸೋತ ಮೇಲೆ ಅದನ್ನೆಲ್ಲ ಇನ್ನಷ್ಟು ಹೆಚ್ಚಿಸಿದ್ದ.

"ಹಸದು ಉಣ್ತಿಯೋ, ಹೆದರಿ ಉಣ್ತಿಯೋ?"

ಪೈಲ್ವಾನ ಮತ್ತೆ ಮಾಟದ ಮಾತನ್ನೇ ಎತ್ತಿದ.

"ಮಾಟದ ಮಾತು ಆಮ್ಯಾಲ ನೋಡೂಣು. ಅಮಾಸಿ ತನಕಾ ಇಲ್ಲೇ ಇರು. ನಾ ಉಣ್ಣೂದನ್ನ ನೀನೂ ಉಣ್ಣು," ಎಂದು ಅಪ್ಪಣೆ ಕೊಡಿಸಿ ಪೂಜ್ಯರು ಎದ್ದರು.

ಮೊದಲ ಬಟ್ಟಲು ಕೈಗೆ ಬಂದಾಗ ಫಕೀರಪ್ಪ ಮೂಗು ಮುರಿದ. ಕೂಲಿಯವರು ಕುಡಿಯುವ ಅಂಬಲಿಯಿಂದ ಜಟ್ಟಿಯ ಮೈ ನಿಂತೀತೇ? ಪಕ್ಕದಲ್ಲಿ ಶಿವಯೋಗಿಗಳು ಕಣ್ಮುಚ್ಚಿ ಕೊನೆಯ ಹನಿಯವರೆಗೂ ಕುಡಿಯುತ್ತಿದ್ದುದನ್ನು ಕಂಡು ಹೇಗೋ ನುಂಗಿದ. ಹೊಟ್ಟೆ ಗುಡುಗುಟ್ಟಿತು. ಎರಡು ಬೆಳಗು ಸಹಿಸಿ, ಮೂರನೆಯ ಬೆಳಗು ಗಂಟು ಕಟ್ಟಿಕೊಂಡು ಹೊರಟೇಬಿಟ್ಟ.

ಹೊಳೆಯ ಹಾದಿಯಲ್ಲಿ ಮಜ್ಜಿಗೆಯ ಗಡಿಗೆ ಹೊತ್ತು ಬಾಳವ್ವ ಎದುರಾದಳು. ಆಚೆ ದಂಡೆಯ ಊರಿನವಳು. ಮಠದ ಅಂಬಲಿಗೆ ದಿನವೂ ಮಜ್ಜಿಗೆ ತರುವುದು ಅವಳ ಸೇವೆ.

"ಎಲ್ಲಿ ಹೊಂಟಿ ಮಗನ?"

"ಈ ಅಂಬಲಿ ನನಗ ಒಗ್ಗೂದಿಲ್ಲ ಯವ್ವಾ."

"ಒಗ್ಗಾಕ ಹೊಟ್ಟಿಗೂ ನಾಕ ದಿನ ಬೇಕಪಾ. ಹೊಸ ಎತ್ತು ನೊಗಕ್ಕ ಹೂಡಿದ ದಿನಾನ ಸಾಲು ಹಿಡಿದು ನಡೀತೈತೇನು?"

ಫಕೀರಪ್ಪನಿಗೆ ಬಹಳ ದಿನಗಳ ಮೇಲೆ ನಗು ಬಂತು. ಗಡಿಗೆಯನ್ನು ಅವಳ ತಲೆಯಿಂದ ಇಳಿಸಿ ತಾನೇ ಹೊತ್ತು ಮಠಕ್ಕೆ ಮರಳಿದ. ಮರುದಿನದಿಂದ ಅವಳಿಗಾಗಿ ದಂಡೆಯಲ್ಲಿ ಕಾಯುವುದು ರೂಢಿಯಾಯಿತು. "ಇವತ್ತ ಹೆಂಗೈತಿ ಹೊಟ್ಟಿ?" ಎಂದು ಅವಳು ಕೇಳುವಳು. "ಸ್ವಲ್ಪ ತಂಪೈತಿ ಯವ್ವಾ," ಎಂದು ಇವನು ಹೇಳುವನು. ಮಧ್ಯಾಹ್ನ ರೊಟ್ಟಿ, ಮೊಳಕೆ ಹೆಸರು, ಮೆಂತ್ಯದ ಸೊಪ್ಪು. ಸಂಜೆ ಹೊತ್ತು ಮುಳುಗುವ ಮೊದಲೇ ಊಟ ಮುಗಿಯುತ್ತಿತ್ತು. ಉರಿ ಇಳಿಯಿತು. ನಿದ್ದೆ ಬಂತು. ಒಂದು ಬೆಳಗು, ಚಿಕ್ಕಂದಿನಲ್ಲಿ ದನ ಮೇಯಿಸಿ ಬಂದಾಗ ಆಗುತ್ತಿದ್ದಂಥ ಹಸಿವಿನಿಂದ ಎಚ್ಚರವಾಗಿ, ಯಾರೂ ಕರೆಯುವ ಮೊದಲೇ ಬಟ್ಟಲು ಹಿಡಿದು ಪಂಕ್ತಿಯಲ್ಲಿ ಕುಳಿತ.

"ಇನ್ನೊಂದು ಬಟ್ಟಲು ಹಾಕ್ರಿ," ಎಂದು ಕೇಳಿದಾಗ ಶಿವಯೋಗಿಗಳು ಮುಗುಳ್ನಕ್ಕರು.

"ನಿನ್ನಿ ಹುಳಿ ಇವತ್ತಿನ ಅಂಬಲಿಗೆ ಜೀವ ಕೊಡತೈತಿ. ಅಂಬಲಿ ಹೊಟ್ಟಿಗೆ ಜೀವ ಕೊಡತೈತಿ. ಹೊಟ್ಟಿ ತಣ್ಣಗಿದ್ರ ಮನಸು ತಣ್ಣಗಪಾ."

ಅಮಾವಾಸ್ಯೆ ಬಂತು. ಫಕೀರಪ್ಪನ ಹೊಟ್ಟೆ ತಣ್ಣಗಾಗಿತ್ತು, ಸಂಶಯ ಮಾತ್ರ ಆರಿರಲಿಲ್ಲ. ಕೈಮುಗಿದು ಕೇಳಿದ: "ಅಪ್ಪಾರ, ಮಾಟ ಇಳೀತು. ಮಾಡಿಸಿದಾಂವ ಸಿದ್ರಾಮ ಹೌದಲ್ರಿ?"

ಪೂಜ್ಯರು ಹೇಳಿದರು: "ನೀ ಇಷ್ಟು ದಿನಾ ಕುಡದದ್ದು ಸಿದ್ರಾಮನ ಮನಿ ಮಜ್ಜಿಗಿ. ಬಾಳವ್ವ ಅವನ ಹಡೆದವ್ವ."

 

ಫಕೀರಪ್ಪ ಹೊಳೆ ದಾಟಿ ಆ ಊರಿಗೆ ಹೋದ. ಸಿದ್ರಾಮ ಕೊಟ್ಟಿಗೆಯಲ್ಲಿ ಎಮ್ಮೆಗೆ ಮೇವು ಹಾಕುತ್ತಿದ್ದ. ಇವನನ್ನು ಕಂಡು ಕಾಲೂರಿ ನಿಂತ. ಒಳಗಿನಿಂದ ಬಾಳವ್ವ ಹೊರಬಂದಳು.

"ನಾ ಯಾರಂತ ನಿನಗ ಗೊತ್ತಿತ್ತೇನ್ ಯವ್ವಾ?"

"ಗೊತ್ತಿಲ್ಲೇನಪಾ! ನೀ ಹೊಟ್ಟಿಬ್ಯಾನಿ ಅಂತ ಮಠಕ್ಕ ಬಂದಿ ಅಂತ ನನ್ನ ಮಗಾ ಇಂವನ ಬಂದು ಹೇಳಿದ. 'ಯವ್ವಾ, ಇನ್ನ ಮ್ಯಾಲ ಗಡಿಗಿ ತುಂಬ ಒಯ್ಯಿ' ಅಂದಾಂವನೂ ಇಂವನ."

ಆ ದೊಡ್ಡ ಮೈ ಹೊಸ್ತಿಲ ಬಳಿ ಅವಳ ಪಾದಕ್ಕೆ ಎರಗಿತು. ಮುಪ್ಪಿನಲ್ಲಿ ಈ ಪ್ರಸಂಗವನ್ನು ನಮಗೆ ಹೇಳುವಾಗಲೂ ಫಕೀರಪ್ಪನವರು ಇಲ್ಲಿಗೆ ಬಂದು ನಿಲ್ಲಿಸುತ್ತಿದ್ದರು. "ನನ್ನೊಳಗ ಇದ್ದ ಮಾಟ ಅವತ್ತ ಇಳೀತು ನೋಡ್ರಿ," ಎನ್ನುತ್ತಿದ್ದರು.

ಮರುದಿನ ಬೆಳಿಗ್ಗೆ ಇಬ್ಬರು ಜಟ್ಟಿಗಳೂ ಒಟ್ಟಿಗೆ ಮಠಕ್ಕೆ ಬಂದರು.  ಶಿವಯೋಗಿಗಳು ತುಸು ಸರಿದು ಪಂಕ್ತಿಯಲ್ಲಿ ಇಬ್ಬರಿಗೂ ಜಾಗ ಮಾಡಿಕೊಟ್ಟರು. ಮುಂದೆ ಆ ಜಟ್ಟಿಗಳು ಅನೇಕ ಸಲ ಕುಸ್ತಿಯ ಕಣದಲ್ಲಿ ಎದುರಾದರು. ಒಮ್ಮೆ ಇವನು ಗೆದ್ದರೆ ಒಮ್ಮೆ ಅವನು. ಬಾಳವ್ವ ಶಿವನ ಪಾದ ಸೇರಿದ ದಿನ ಅಂತ್ಯಯಾತ್ರೆಯಲ್ಲಿ ಮುಂದಿನ ಒಂದು ಹೆಗಲು ಸಿದ್ರಾಮನದು, ಜೊತೆಯ ಹೆಗಲು ಫಕೀರಪ್ಪನದು. ನೋಡಿದವರು, ಆ ತಾಯಿಗೆ ಇಬ್ಬರು ಮಕ್ಕಳೆಂದೇ ತಿಳಿದರು.