ಹಲ್ಲು ಬೆಳೆದ ಕಟಕಪ್ಪ

ಸುತ್ತ ಕುರುಚಲು ಗಿಡ, ಅಲ್ಲಲ್ಲಿ ಕರಿ ಬಂಡೆ, ನಡುವೆ ಒಂದು ಹೊಂಡ. ಮಕ್ಕಳೇ, ಆ ಕಾಡು ಅಂದರೆ ಅಷ್ಟೇ. ಹೊಂಡದ ಪಕ್ಕದ ಗುಹೆಯಲ್ಲಿ ಕಟಕಪ್ಪ ಅನ್ನೋ ಕತ್ತೆಕಿರುಬ ತನ್ನ ಹೆಂಡತಿ ಮಾರವ್ವನ ಜೊತೆ ವಾಸವಾಗಿದ್ದ. ಪಟ್ಟೆಪಟ್ಟೆ ಮೈ, ಕಡಲೆಕಾಯಿ ಬಿಡಿಸಿದ ಹಾಗೆ ಮೂಳೆ ಬಿಡಿಸೋ ದವಡೆ.

ಆ ಕಾಡಿನಲ್ಲಿ ಒಂದು ಪದ್ಧತಿ ಇತ್ತು. ಬೇಸಿಗೆಯಲ್ಲಿ ನೀರು ಇಳಿದು, ಹೊಂಡದ ನಡುವಿನ ಬಂಡೆ ತಲೆ ಎತ್ತಿದ ದಿನ ಪ್ರಾಣಿಗಳೆಲ್ಲ ಹಬ್ಬಕ್ಕೆ ದಡದಲ್ಲಿ ಸೇರುತ್ತಿದ್ದವು. ಕಾಡುಕೋಣದ ತೊಡೆಮೂಳೆಯನ್ನು ಒಂದೇ ಕಡಿತಕ್ಕೆ ಮುರಿದವನೇ ಆ ಬಂಡೆ ಹತ್ತಿ ನಿಲ್ಲಬೇಕು, ಅವನೇ ಆ ವರ್ಷದ ಬಂಡೆಗೌಡ. ಕಾಡಿನ ಮೂಳೆಯೆಲ್ಲ ಅವನ ಮನೆಗೆ ಬರುತ್ತಿತ್ತು. ಅವನು ಮುರಿದು, ಒಳಗಿನ ತಿರುಳನ್ನು ಎಲ್ಲರ ಮರಿಗಳಿಗೂ ಹಂಚಬೇಕು.

ಏಳು ವರ್ಷದಿಂದ ಕಟಕಪ್ಪನೇ ಗೌಡ. ಏಳು ವರ್ಷದಿಂದ ಪೈಪೋಟಿಗೆ ಯಾರೂ ಬಂದಿರಲಿಲ್ಲ, ಅದು ಬೇರೆ ಮಾತು.

ಕಟಕಪ್ಪ ದಿನಾ ಬೆಳಿಗ್ಗೆ ಬೇವಿನ ಕಡ್ಡಿ ಕಡಿಯುತ್ತಿದ್ದ. ಮುಂದಿನ ಹಲ್ಲನ್ನು ಫಳಫಳ ಉಜ್ಜುತ್ತಿದ್ದ. ಹಿಂದಿನ ಹಲ್ಲು ಯಾರಿಗೆ ಕಾಣುತ್ತೆ ಅಂತ ಅದರ ತಂಟೆಗೆ ಹೋಗುತ್ತಿರಲಿಲ್ಲ.

ಒಂದು ದಿನ ಮಾರವ್ವ ಆ ಕಡ್ಡಿ ನೋಡಿದಳು.

"ರೀ, ಕಡ್ಡಿ ತುಂಬ ರಕ್ತ!"

"ಕಡ್ಡಿ ಸರಿ ಇಲ್ಲ ಕಣೇ. ಈಗಿನ ಬೇವಿನಮರಗಳೇ ಹಂಗೆ."

"ವಸಡು ನೋಡ್ಕೊಳ್ರಿ. ಕೆಂಪಗೆ ಊದ್ಕೊಂಡಿದೆ."

"ನೋವಿದೆಯಾ ಕೇಳು."

"ನೋವಿದೆಯಾ?"

"ಇಲ್ಲ. ನೋವಿಲ್ಲ ಅಂದ್ಮೇಲೆ ರೋಗ ಎಲ್ಲಿಂದ ಬಂತು?"

ಮಾರನೇ ದಿನ ಕಟಕಪ್ಪ ಉಜ್ಜಲೇ ಇಲ್ಲ. ರಕ್ತವೂ ಬರಲಿಲ್ಲ. "ಉಜ್ಜಿದ್ರೆ ರಕ್ತ ಬರುತ್ತೆ, ಉಜ್ಜದಿದ್ರೆ ಬರಲ್ಲ. ಯಾವುದು ಒಳ್ಳೇದು ನೀನೇ ಹೇಳು," ಅಂತ ಹೆಂಡತಿಗೆ ಹೇಳಿ, ಕಡ್ಡಿಯನ್ನು ಹೊಂಡಕ್ಕೆ ಎಸೆದ. ಅದು ತೇಲಿಕೊಂಡು ಹೋಗಿ ಒಂದು ಆಮೆಯ ತಲೆಗೆ ತಗುಲಿತು. ಆಮೆ ಏನೂ ಅನ್ನಲಿಲ್ಲ. ಗೌಡರ ಕಡ್ಡಿ ಅಲ್ಲವೇ.

ಮಳೆಗಾಲ ಬಂತು, ಹೋಯಿತು. ಕಟಕಪ್ಪನ ಮರ್ಯಾದೆ ದಿನೇ ದಿನೇ ಜಾಸ್ತಿಯಾಯಿತು. ಅವನು ದಡದಲ್ಲಿ ನಿಂತು "ಏನ್ರಪ್ಪಾ, ಎಲ್ಲಾ ಸೌಖ್ಯವೇ?" ಅಂದರೆ ಸಾಕು, ಜಿಂಕೆಗಳು ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದವು. ಕಪ್ಪೆ ಬುಳುಕ್ಕನೆ ನೀರಿಗೆ ಬೀಳುತ್ತಿತ್ತು. ಮಾರವ್ವ ಕೂಡ ಗೋಡೆ ಕಡೆ ಮುಖ ಮಾಡಿ ಮಲಗಲು ಶುರು ಮಾಡಿದಳು.

"ನೋಡಿದ್ಯಾ, ಎಷ್ಟು ಭಯಭಕ್ತಿ!" ಅಂದ ಕಟಕಪ್ಪ.

"ಭಕ್ತಿ ಅಲ್ರೀ, ಬಾಯಿ ವಾಸನೆ," ಅಂದಳು ಮಾರವ್ವ ಗೋಡೆಗೆ. ಗೋಡೆ ಕೇಳಿಸಿಕೊಂಡಿತು. ಕಟಕಪ್ಪ ಆಗಲೇ ನಿದ್ದೆ ಹೋಗಿದ್ದ.

ಇನ್ನೊಂದು ದಿನ ಅವನು ನೀರಿನಲ್ಲಿ ತನ್ನ ಮುಖ ನೋಡಿಕೊಳ್ಳುತ್ತಿದ್ದ. ಇದ್ದಕ್ಕಿದ್ದಂತೆ ಕಣ್ಣರಳಿಸಿದ. ಕೋರೆಹಲ್ಲು ಉದ್ದವಾಗಿತ್ತು!

ಕೂಡಲೇ ಮುಂಗುಸಿ ಚುರುಕಪ್ಪನಿಗೆ ಕರೆ ಹೋಯಿತು. ಗೌಡರ ಕೋರೆಹಲ್ಲನ್ನು ಹುಣಸೆಬೀಜ ಜೋಡಿಸಿ ಅಳೆಯೋದು ಅವನ ಮನೆತನದ ಕೆಲಸ. ಹೋದ ವರ್ಷದ ಅಳತೆ ಎರಡು ಬೀಜ. ಚುರುಕಪ್ಪ ಉಸಿರು ಬಿಗಿಹಿಡಿದು, ಬಾಯೊಳಗೆ ಇಣುಕಿ, ಅಳೆದು, ಓಡಿಹೋಗಿ ದೂರದಲ್ಲಿ ಉಸಿರು ಬಿಟ್ಟ.

"ಎರಡೂವರೆ ಬೀಜ, ಗೌಡ್ರೇ!"

"ಈ ವಯಸ್ಸಲ್ಲಿ ಯಾರಿಗಾದರೂ ಹಲ್ಲು ಬೆಳೆದಿದೆಯೇನೋ?"

"ನಮ್ಮ ತಾತನ ಕಾಲದಿಂದ ಇಲ್ಲ, ಗೌಡ್ರೇ!"

ಕಟಕಪ್ಪ ಎದೆ ಉಬ್ಬಿಸಿಕೊಂಡು ಕಾಡೆಲ್ಲ ಸುತ್ತಿದ. ಸಿಕ್ಕವರಿಗೆಲ್ಲ ಹಲ್ಲು ತೋರಿಸಿದ. ಅತ್ತಿಮರದ ಬುಡದಲ್ಲಿ ಸೂಜವ್ವ ಸಿಕ್ಕಿದಳು. ಅವಳು ವಯಸ್ಸಾದ ಮುಳ್ಳುಹಂದಿ. ಉದುರಿದ ತನ್ನ ಮುಳ್ಳುಗಳನ್ನು ತೊಳೆದು ಒಣಗಿಸಿ, ಅದರಿಂದಲೇ ಕಾಡಿನ ಹಲ್ಲುಬಾಯಿ ರಿಪೇರಿ ಮಾಡುತ್ತಿದ್ದಳು.

"ಅಜ್ಜೀ, ನನ್ನ ಹಲ್ಲು ಬೆಳೆದಿದೆ!"

ಸೂಜವ್ವ ಹತ್ತಿರ ಬಂದು ನೋಡಿದಳು. ಮೂಗು ಮುಚ್ಚಿಕೊಳ್ಳಲಿಲ್ಲ.

"ಕಟಕಪ್ಪಾ, ಬೇಸಿಗೇಲಿ ಹೊಂಡದ ಬಂಡೆ ಎತ್ತರ ಆಗುತ್ತಲ್ಲ. ಬಂಡೆ ಬೆಳೆಯುತ್ತೇನಪ್ಪ?"

"ಬಂಡೆ ಎಲ್ಲಾದರೂ ಬೆಳೆಯುತ್ತಾ ಅಜ್ಜಿ? ನೀರು ಇಳಿಯುತ್ತೆ."

"ಹಂಗೇ ನಿನ್ನ ಹಲ್ಲು ಬೆಳೆದಿಲ್ಲ, ವಸಡು ಇಳಿದಿದೆ. ಬುಡದಲ್ಲಿ ಗಾರೆ ಮೆತ್ತಿದ ಹಾಗೆ ಕೊಳೆ ಗಟ್ಟಿಯಾಗಿದೆ. ಒಳಗೆ ಕೀವು. ಹಿಂದಿನ ಹಲ್ಲು ಆಗಲೇ ಅಲ್ಲಾಡ್ತಿದೆ. ಇವತ್ತೇ ಕೂತ್ಕೋ, ಕೆರೆದು ತೆಗೀತೀನಿ."

"ಹಬ್ಬ ಮುಗೀಲಿ, ನೋಡೋಣ."

"ಹಬ್ಬಕ್ಕೆ ಆ ಮೂಳೆ ಮಾತ್ರ ಕಡೀಬೇಡ."

ಕಟಕಪ್ಪ ನಕ್ಕ. ಅಜ್ಜಿಗೆ ಹೊಟ್ಟೆಕಿಚ್ಚು ಅಂತ ಮನೆಯಲ್ಲಿ ಹೇಳಿದ. ಅಜ್ಜಿಯ ಹಲ್ಲು ಇಷ್ಟು ವರ್ಷವಾದರೂ ಉದ್ದವಾದ ಹಾಗೆ ಕಂಡಿರಲಿಲ್ಲ, ಪಾಪ.

ಹಬ್ಬದ ದಿನ ಬಂತು. ಬಂಡೆ ತಲೆ ಎತ್ತಿತ್ತು. ಕಟಕಪ್ಪ ಎರಡೂವರೆ ಬೀಜದ ಹಲ್ಲು ತೋರಿಸುತ್ತಾ ದಡಕ್ಕೆ ಬಂದ. ಮರಿಗಳೆಲ್ಲ ಮುಂದಿನ ಸಾಲಿನಲ್ಲಿ ನಾಲಿಗೆ ಚಪ್ಪರಿಸುತ್ತಾ ಕೂತಿದ್ದವು. ಕೋಣದ ತೊಡೆಮೂಳೆ ತಂದಿಟ್ಟರು.

"ಎಲ್ಲರೂ ಸರಿಯಾಗಿ ನೋಡ್ರಪ್ಪಾ. ಬೆಳೆದ ಹಲ್ಲಿನ ಕಡಿತ ಹೆಂಗಿರುತ್ತೆ ಅಂತ," ಅಂದು ಕಟಕಪ್ಪ ಬಲದವಡೆಗೆ ಮೂಳೆ ಕೊಟ್ಟು, ಕಣ್ಣು ಮುಚ್ಚಿ ಕಡಿದ.

ಪಳಕ್!

ಕಾಡೆಲ್ಲ ಚಪ್ಪಾಳೆ ತಟ್ಟಿತು. ಕಟಕಪ್ಪ ಕಣ್ಣು ಬಿಟ್ಟ. ಮೂಳೆ ಮೊದಲಿನ ಹಾಗೇ ಇತ್ತು. ಅದರ ಮೇಲೆ ಅವನ ಹಿಂದಿನ ಹಲ್ಲೊಂದು, ಗೋಡೆಗೆ ಹೊಡೆದ ಗೂಟದ ಹಾಗೆ ನೆಟ್ಟಗೆ ನಿಂತಿತ್ತು.

ಚಪ್ಪಾಳೆ ಒಬ್ಬೊಬ್ಬರಾಗಿ ನಿಲ್ಲಿಸಿದರು. ಕೊನೆಗೆ ನಿಲ್ಲಿಸಿದ್ದು ಚುರುಕಪ್ಪ, ಅವನಿಗೆ ಹಿಂದಿನಿಂದ ಕಾಣುತ್ತಿರಲಿಲ್ಲ.

"ಅಮ್ಮಾ, ತಿರುಳು ಎಲ್ಲಿ?" ಅಂತ ಒಂದು ನರಿಮರಿ ಕೇಳಿತು.

ಆ ಮಾತು ಕಟಕಪ್ಪನಿಗೆ ಹಲ್ಲು ಬಿದ್ದಿದ್ದಕ್ಕಿಂತ ಹೆಚ್ಚು ಚುಚ್ಚಿತು. ಅವನು ಎದ್ದ. ನೀರಿಳಿದ ಹೊಂಡವನ್ನೂ, ಎತ್ತರವಾಗಿ ಕಾಣುತ್ತಿದ್ದ ಬಂಡೆಯನ್ನೂ ಒಂದು ಸಲ ನೋಡಿದ. ಆಮೇಲೆ ನೆಟ್ಟಗೆ ಅತ್ತಿಮರದ ಬುಡಕ್ಕೆ ಹೋಗಿ, ಸೂಜವ್ವನ ಮುಂದೆ ಬಾಯಿ ತೆರೆದು ಕೂತ.

"ಇಳಿದಿರೋ ವಸಡು ಮತ್ತೆ ಏರಿಸಿ ಕೊಡ್ತೀಯಾ ಅಜ್ಜಿ?"

"ಅದು ಏರಲ್ಲಪ್ಪ. ಇರೋದನ್ನ ಉಳಿಸ್ಕೊಳ್ಳೋಣ. ಇನ್ನೂ ಇಳಿಯದ ಹಾಗೆ ನೋಡ್ಕೊಳ್ಳೋಣ."

ಸೂಜವ್ವ ಮುಳ್ಳಿನ ತುದಿಯಿಂದ ಹಲ್ಲಿನ ಬುಡ ಕೆರೆಯತೊಡಗಿದಳು. ಚೂರುಚೂರಾಗಿ ಗಾರೆ ಉದುರಿತು. ನಡುವೆ ಕಟಕಪ್ಪನಿಗೆ ಸೀನು ಬಂತು. ಬಾಯಿ ಮುಚ್ಚಿದರೆ ಮುಳ್ಳು, ಮುಚ್ಚದಿದ್ದರೆ ಸೀನು. ಸೀನಿದ. ಅಜ್ಜಿ ಅತ್ತಿಮರಕ್ಕೆ ಹೋಗಿ ಅಂಟಿಕೊಂಡಳು. ಮುಳ್ಳು ನಾಟಿದ್ದರಿಂದ ಅವಳನ್ನು ಬಿಡಿಸಲು ಮಾರವ್ವ ಬರಬೇಕಾಯಿತು.

"ಉಪ್ಪುನೆಲದ ನೀರು ಬಿಸಿಲಿಗಿಟ್ಟು ಬಾಯಿ ಮುಕ್ಕಳಿಸು. ಮೆತ್ತಗೆ ಜಜ್ಜಿದ ಕಡ್ಡಿಯಿಂದ ಬುಡಬುಡಕ್ಕೂ ಉಜ್ಜು," ಅಂದಳು ಸೂಜವ್ವ ಮೈ ಕೊಡವಿಕೊಂಡು. "ಹಿಂದಿನ ಹಲ್ಲನ್ನೂ ಉಜ್ಜು. ಅದೂ ನಿನ್ನದೇ."

"ರಕ್ತ ಬಂದ್ರೆ?"

"ಬರುತ್ತೆ. ಬಂತು ಅಂತ ಬಿಡಬೇಡ. ಸರಿಯಾಗಿ ಉಜ್ಜಿದ್ರೆ ಸ್ವಲ್ಪ ದಿನಕ್ಕೆ ತಾನೇ ನಿಲ್ಲುತ್ತೆ. ನಿಲ್ಲದಿದ್ರೆ ನನ್ನ ಹತ್ತಿರ ಬಾ. ನಿಂತರೂ ಮಳೆಗಾಲಕ್ಕೊಂದು ಸಲ, ಬೇಸಿಗೆಗೊಂದು ಸಲ ಬಾ."

ಹತ್ತನೇ ದಿನ ಕಡ್ಡಿ ಬರೀ ಬೇವಿನ ಬಣ್ಣದಲ್ಲೇ ಇತ್ತು. ಮಾರವ್ವ ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. ಅವತ್ತು ಗೋಡೆಗೆ ಬೆನ್ನು ಮಾಡಿ ಮಲಗಿದಳು.

ಆ ವರ್ಷ ಕಾಡಿಗೆ ಗೌಡನಿಲ್ಲ. ಬಂಡೆಯ ಮೇಲೆ ಆಮೆ ಬಿಸಿಲು ಕಾಯಿಸುತ್ತಾ ಕೂತಿತ್ತು. ತಾನು ಎಂಥಾ ಜಾಗದಲ್ಲಿ ಕೂತಿದ್ದೇನೆ ಅಂತ ಅದಕ್ಕೆ ಗೊತ್ತೇ ಇರಲಿಲ್ಲ.

ಮರುವರ್ಷ ನೀರು ಇಳಿಯಿತು, ಬಂಡೆ ತಲೆ ಎತ್ತಿತು. ಕಟಕಪ್ಪ ದಡಕ್ಕೆ ಬಂದು, "ಏನ್ರಪ್ಪಾ, ಎಲ್ಲಾ ಸೌಖ್ಯವೇ?" ಅಂದ. ಜಿಂಕೆಗಳು ನಿಂತಲ್ಲೇ ನಿಂತಿದ್ದವು. ಕಪ್ಪೆ ಕೂತಲ್ಲೇ ಕೂತಿತ್ತು. ಏಳು ವರ್ಷದ ಗೌಡಿಕೆಯಲ್ಲಿ ಸಿಗದ ಮರ್ಯಾದೆ ಸಿಕ್ಕಿದ ಹಾಗಾಯಿತು ಅವನಿಗೆ.

ಬಲಗಡೆ ಹಲ್ಲಿನ ಜಾಗ ಖಾಲಿ. ಕಟಕಪ್ಪ ಮೂಳೆಯನ್ನು ಎಡದವಡೆಗೆ ಕೊಟ್ಟ. ಈ ಸಲ ಕಣ್ಣು ಮುಚ್ಚಲಿಲ್ಲ.

ಕಟಕ್!

ಮೂಳೆ ಎರಡು ತುಂಡು. ಚಪ್ಪಾಳೆ ತಟ್ಟುವ ಮೊದಲು ಎಲ್ಲರೂ ಒಂದು ಸಲ ಬಗ್ಗಿ ನೋಡಿಕೊಂಡರು. ಹಲ್ಲುಗಳೆಲ್ಲ ಬಾಯಲ್ಲೇ ಇದ್ದವು. ಆಮೇಲೆ ತಟ್ಟಿದರು. ಮೊದಲ ತಿರುಳು ಆ ನರಿಮರಿಗೆ ಹೋಯಿತು.

ಪದ್ಧತಿಯಂತೆ ಚುರುಕಪ್ಪ ಬೀಜ ಹಿಡಿದು ಬಂದ. ಉಸಿರು ಬಿಗಿಹಿಡಿಯದೆ ನಿಧಾನವಾಗಿ ಅಳೆದ. ಅವನ ಮುಖ ಸಪ್ಪಗಾಯಿತು.

"ಎರಡೂವರೆನೇ, ಗೌಡ್ರೇ. ಹೋದ ಸಲ ಇದ್ದಷ್ಟೇ."

ಕಟಕಪ್ಪ ಬಂಡೆಯ ಮೇಲೆ ಹತ್ತಿದ. ಆಮೆಗೆ ಸ್ವಲ್ಪ ಸರಿಯಲು ಹೇಳಿ, ಎದೆ ಉಬ್ಬಿಸಿ, ಕಾಡಿಗೆಲ್ಲ ಕೇಳುವ ಹಾಗೆ ಕೂಗಿದ:

"ಕೇಳಿದ್ರೇನ್ರೋ? ಎಳ್ಳಷ್ಟೂ ಬೆಳೆದಿಲ್ಲ!"

ನೀತಿ: ವಸಡಿನಲ್ಲಿ ರಕ್ತ ಕಂಡರೆ ಕಡ್ಡಿಯನ್ನು ಬೈಯಬೇಡಿ, ಬಲ್ಲವರಿಗೆ ಬಾಯಿ ತೋರಿಸಿ. ಬುಡ ಸಡಿಲವಾದ ಮೇಲೆ ತುದಿಯ ಹೊಳಪು ಉಪಯೋಗಕ್ಕೆ ಬಾರದು.