ಬೆಲ್ಲದ ತಕ್ಕಡಿಯಲ್ಲಿ ಮಗು

“ಸರ್, ಪಿತ್ತನಾಳ ಮುಚ್ಚಿಹೋದ ಮಗುವಿಗೆ ಯಕೃತ್ತಿನ ಕಸಿ ಮಾಡಲು ಸರಿಯಾದ ಕಾಲ ಯಾವುದು?” ಕಿರಿಯ ವೈದ್ಯೆ ವೈಜಯಂತಿ ತನ್ನ ಗುರು ಚೆನ್ನವೀರಪ್ಪನವರನ್ನು ಕೇಳಿದಳು.

“ಕೂತುಕೋ ತಾಯಿ, ಒಂದು ಕತೆ ಹೇಳುತ್ತೇನೆ” ಎಂದರು ಅವರು.

ಒಬ್ಬ ಬೆಲ್ಲದ ವ್ಯಾಪಾರಿಗೆ ಮದುವೆಯಾಗಿ ಒಂಬತ್ತು ವರ್ಷಕ್ಕೆ ಹೆಣ್ಣುಮಗು ಹುಟ್ಟಿತು. ಅದರ ಪಿತ್ತನಾಳ ಮುಚ್ಚಿತ್ತು. ಎರಡನೆಯ ತಿಂಗಳಲ್ಲೇ ಆಪರೇಷನ್ ಆಯಿತು. ಆದರೂ ಕಣ್ಣಿನ ಹಳದಿ ಇಳಿಯಲಿಲ್ಲ.

“ಕಸಿ ಬೇಕಾಗುತ್ತದೆ. ಮೊದಲು ಮಗುವಿನ ತೂಕ ಸ್ವಲ್ಪ ಹೆಚ್ಚಲಿ” ಎಂದ ವೈದ್ಯ.

ತೂಕವೆಂದರೆ ವ್ಯಾಪಾರಿಗೆ ಅವನದೇ ವಿದ್ಯೆ! ಪ್ರತಿ ಸೋಮವಾರ ಅಂಗಡಿಯ ತಕ್ಕಡಿ ತೊಳೆದು, ಮೆತ್ತನೆ ಬಟ್ಟೆ ಹಾಸಿ, ಮಗಳನ್ನು ಮಲಗಿಸುತ್ತಿದ್ದ. ಅವಳು ಕೈಕಾಲು ಬಡಿದರೆ ಮುಳ್ಳು ನಿಲ್ಲುತ್ತಿರಲಿಲ್ಲ. “ಸುಮ್ಮನಿರೇ ನನ್ನ ಬಂಗಾರಿ” ಎಂದು ಗದರಿ ತಾನೇ ನಗುತ್ತಿದ್ದ. ವಾರವಾರವೂ ತೂಕ ಏರಿತು. ಬಸ್ಸಿನಲ್ಲಿ ಮಗುವಿಗೆ ಸೋಂಕು ತಗಲೀತೆಂದು ಒಬ್ಬನೇ ಆಸ್ಪತ್ರೆಗೆ ಹೋಗಿ ತೂಕ ಬರೆದ ಚೀಟಿ ತೋರಿಸಿ ಬರುತ್ತಿದ್ದ. ವೈದ್ಯ ಚೀಟಿ ನೋಡಿ, “ಭೇಷ್, ಇನ್ನೊಂದು ತಿಂಗಳು ಕಾಯೋಣ” ಎನ್ನುತ್ತಿದ್ದ. ಹೀಗೆ ಮೂರು ತಿಂಗಳು ಕಳೆಯಿತು.

ಒಂದು ದಿನ ಅಜ್ಜಿ ಮೊಮ್ಮಗಳಿಗೆ ಎಣ್ಣೆ ಹಚ್ಚುತ್ತಿದ್ದಳು. ಮಣಿಕಟ್ಟಿನಲ್ಲಿ ಬಿಗಿಯಾಗಿ ಕೂತಿದ್ದ ಕರಿಬಳೆ ಮೊಣಕೈ ದಾಟಿ ಮೇಲೇರಿತು.

“ಅಲ್ವೋ ಮಗನೇ, ಮಗು ಮೈ ತುಂಬಿಕೊಂಡಿದ್ದರೆ ಬಳೆ ಹೇಗೋ ಸಡಿಲವಾಯಿತು?”

ವ್ಯಾಪಾರಿ ಮಗುವನ್ನೆತ್ತಿಕೊಂಡು ಆಸ್ಪತ್ರೆಗೆ ಓಡಿದ. ಏರಿದ ತೂಕವೆಲ್ಲ ಹೊಟ್ಟೆಯಲ್ಲಿ ತುಂಬಿದ ನೀರು. ತಕ್ಕಡಿಗೇನು, ನೀರೂ ಒಂದೇ, ಮಾಂಸವೂ ಒಂದೇ.

ಕಸಿ ತಕ್ಷಣ ಬೇಕಿತ್ತು. ತನ್ನ ಯಕೃತ್ತಿನ ತುಂಡು ಕೊಡಲು ಹೊಂದಿಕೆಯಾದವನು ಅಪ್ಪನೊಬ್ಬನೇ. ಪರೀಕ್ಷಿಸಿದರೆ ಅವನ ಯಕೃತ್ತಿನ ತುಂಬ ಕೊಬ್ಬು; ಅದು ಕರಗುವವರೆಗೆ ತುಂಡು ಕೊಡುವಂತಿಲ್ಲ. ಬೆಂಕಿ ಬಿದ್ದ ಮೇಲೆ ಬಾವಿ ತೋಡಿದ ಹಾಗಾಯಿತು. ಮಗುವಿಗೆ ಮೂಗಿನ ನಳಿಕೆಯಲ್ಲಿ ಆಹಾರ. ಅಪ್ಪನಿಗೆ ದಿನಕ್ಕೆ ಐದು ಮೈಲಿ ನಡಿಗೆ, ಬೆಲ್ಲ ಮುಟ್ಟುವಂತಿಲ್ಲ. ಮಗಳ ತೋಳು ತುಂಬಬೇಕು, ಅಪ್ಪನ ಹೊಟ್ಟೆ ಕರಗಬೇಕು. ಮಳೆಯಿರಲಿ ಬಿಸಿಲಿರಲಿ, ಮಗಳ ಹೆಸರು ಹೇಳಿಕೊಳ್ಳುತ್ತ ಅವನು ನಡೆದ. ಅಷ್ಟರಲ್ಲಿ ಎರಡು ಸಲ ಮಗು ಕೈಬಿಟ್ಟೇ ಹೋಗುವಂತಾಯಿತು. ಎಂಟನೆಯ ವಾರ ಕಸಿಯಾಯಿತು. ಅಪ್ಪನ ಪುಣ್ಯ, ಮಗು ಉಳಿಯಿತು.

ವೈಜಯಂತಿಗೆ ಸಿಟ್ಟು ತಡೆಯಲಾಗಲಿಲ್ಲ. “ಪಾಪ, ಅಪ್ಪನಿಗೇನು ಗೊತ್ತು? ಮೊದಲ ದಿನವೇ ಅವನನ್ನು ಪರೀಕ್ಷಿಸಿ, ತಿಂಗಳಿಗೊಮ್ಮೆ ಮಗುವಿನ ತೋಳು ಅಳೆಯಬೇಕೆಂದು ಆ ವೈದ್ಯನಿಗೆ ತಿಳಿಯಬೇಡವೇ ಸರ್?”

“ಇಪ್ಪತ್ತು ವರ್ಷದಿಂದ ನಾನು ನನ್ನನ್ನೇ ಕೇಳಿಕೊಳ್ಳುತ್ತಿರುವುದೂ ಅದನ್ನೇ, ತಾಯಿ.”