ತಂತಿ ಕಿತ್ತು ನೋಡಿದ ಡಿಸ್ಕ್

“ಊರವರೆಲ್ಲ ಕಿವಿ ಇತ್ತ ಕೊಡಿ! ಕರಿಗುಡ್ಡದ ಕೋಟೆಗೆ ಇಂಟರ್‌ನೆಟ್ ಹತ್ತುವುದಿಲ್ಲ. ಸಿಡಿಲು ಬಡಿದ ಮೇಲೆ ಅಲ್ಲಿ ಉಳಿದಿರುವುದು ಒಂದೇ ಕಂಪ್ಯೂಟರ್. ಆಸ್ಪತ್ರೆ, ಉಗ್ರಾಣ, ನೀರಿನ ತೂಬು, ಮೂರರ ಕೆಲಸವೂ ಅದರಿಂದಲೇ ಆಗಬೇಕು. ಅದನ್ನು ಎಬ್ಬಿಸಿ ನಡೆಸುವ ಲಿನಕ್ಸ್ ಡಿಸ್ಕ್ ಮಾಡಿ ತಂದವರು ರಾಣಿ ಜಕ್ಕಲದೇವಿಯ ಮೂರು ಒಗಟು ಬಿಡಿಸಲಿ. ಬಿಡಿಸಿದವರಿಗೆ ಯಂತ್ರಶಾಲೆಯ ಯಜಮಾನಿಕೆ. ತಪ್ಪಿದವರಿಗೆ ತಲೆದಂಡ!” ಎಂದು ಊರೆಲ್ಲ ಡಂಗುರ ಬಿತ್ತು.

ತಲೆ ಅಡವಿಡುವ ವ್ಯಾಪಾರಕ್ಕೆ ಬುದ್ಧಿವಂತರು ಇಳಿಯಬಾರದು. ಆದರೂ ಹನ್ನೊಂದು ಜನ ಇಳಿದರು, ಒಬ್ಬನೂ ಮರಳಲಿಲ್ಲ. ರಾಣಿಯ ಕೋಪಕ್ಕೂ ಕಾರಣವಿತ್ತು. ‘ಎಲ್ಲ ಸರಿಯಿದೆ’ ಎಂದು ಮೊದಲು ಯಾರೋ ಕೊಟ್ಟ ಡಿಸ್ಕ್ ಗುಡ್ಡದ ಮೇಲೆ ಅರ್ಧಕ್ಕೇ ನಿಂತು, ಆಸ್ಪತ್ರೆಯಲ್ಲಿದ್ದ ಅವಳ ಮಗಳು ತೀರಿಕೊಂಡಿದ್ದಳು.

ಹನ್ನೊಂದನೆಯವನು ನಾಗರಸ. ಅವನ ತಮ್ಮ ಕೆಂಚ ಯಂತ್ರಶಾಲೆಯ ಕಸ ಗುಡಿಸುವವನು. ಅವರ ತಾಯಿ ಅದೇ ಗುಡ್ಡದ ಆಸ್ಪತ್ರೆಯಲ್ಲಿ ಮಲಗಿದ್ದಳು. ಅಣ್ಣ ಬಿಟ್ಟುಹೋದ ಡಿಸ್ಕನ್ನು ಕೆಂಚ ಮೂರು ದಿನ ಹಾಕಿ ತೆಗೆದು ನೋಡಿದ. ನಾಲ್ಕನೆಯ ದಿನ ತನ್ನದೊಂದು ಮಾಡಿಕೊಂಡು ಅರಮನೆಗೆ ನಡೆದ.

ಅಲ್ಲಿ ಅವನ ಮುಂದೆ ನಿಂತಿದ್ದವನು ಪದುಮಯ್ಯ, ಊರಿಗೇ ದೊಡ್ಡ ತಂತ್ರಜ್ಞ.

“ಏನೋ ಕೆಂಚ, ಪೊರಕೆ ಎಲ್ಲಿ ಬಿಟ್ಟೆ?”

“ಬಾಗಿಲ ಹಿಂದೆ ಇಟ್ಟಿದೀನಿ, ಬುದ್ಧಿ. ನಿಮ್ಮದು ಮುಗಿದ ಮೇಲೆ ಬೇಕಾಗ್ಬೋದು.”

ರಾಣಿ ಪದುಮಯ್ಯನನ್ನು ಕೇಳಿದಳು: “ಒಂದು ಮನೆ, ಒಳಗೆ ಮೂರು ಸಂಸಾರ. ಇಡೀ ಮನೆ ತನ್ನದೇ ಎಂದು ಪ್ರತಿಯೊಂದೂ ನಂಬಿದೆ. ಒಬ್ಬರ ಕೆಮ್ಮು ಇನ್ನೊಬ್ಬರಿಗೆ ಕೇಳಿಸದು. ಏನದು?”

“ಒಂದೇ ಕಂಪ್ಯೂಟರಿನೊಳಗೆ ಮೂರು ಬೇರೆ ಕಂಪ್ಯೂಟರಿನಂತೆ ನಡೆಯುವ ವರ್ಚುವಲ್ ಮೆಷಿನ್‌ಗಳು, ತಾಯಿ.”

“ಕರೆದ ನೆಂಟ ಒಬ್ಬನೇ ಬಾರ. ಬಳಗದಲ್ಲಿ ಒಬ್ಬ ತಪ್ಪಿದರೂ ಹೊಸಿಲು ದಾಟ. ಯಾರವನು?”

“ಆ ಮೆಷಿನ್‌ಗಳನ್ನು ನಡೆಸುವ ಪ್ಯಾಕೇಜು, ಅಂದರೆ ತಂತ್ರಾಂಶದ ಕಟ್ಟು. ಅದಕ್ಕೆ ಬೇಕಾದ ಬೇರೆ ಪ್ಯಾಕೇಜುಗಳೆಲ್ಲ ಜೊತೆಗಿಲ್ಲದಿದ್ದರೆ ಅದು ಕೂರುವುದಿಲ್ಲ.”

“ಒಬ್ಬ ಸಾಕ್ಷಿ. ಊರಲ್ಲಿ ಕೇಳಿದ್ದಕ್ಕೆಲ್ಲ ‘ಇದೆ’ ಎಂದ. ಗುಡ್ಡ ಹತ್ತಿಸಿ ಕೇಳಿದರೆ ಮೂಕ. ಊರಲ್ಲಿ ಅವನ ಬೆನ್ನ ಹಿಂದೆ ನಿಂತು ಹೇಳಿಕೊಟ್ಟವರು ಯಾರು?”

“ಸಾಕ್ಷಿ ಡಿಸ್ಕು, ತಾಯಿ. ಹೇಳಿಕೊಟ್ಟವನು... ಅದನ್ನು ಮಾಡಿದ ಕೆಲಸಗಾರ.”

ರಾಣಿ ಕೈಯೆತ್ತಿದಳು. ಭಟರು ಅವನನ್ನು ಎಳೆದುಕೊಂಡು ಹೋದರು. ಹನ್ನೊಂದು ಜನವೂ ಎಡವಿದ್ದು ಇದೇ ಹೊಸಿಲಲ್ಲಿ.

“ಮೊದಲೆರಡು ನೀನೂ ಕೇಳಿಸಿಕೊಂಡೆ,” ಎಂದಳು ಕೆಂಚನಿಗೆ. “ಮೂರನೆಯದು ಹೇಳು.”

“ಇಂಟರ್‌ನೆಟ್ಟಿನ ತಂತಿ, ತಾಯಿ.”

ಕೆಂಚ ತನ್ನ ಡಿಸ್ಕನ್ನು ರಾಣಿಯ ಮುಂದಿಟ್ಟ.

“ಡಿಸ್ಕ್ ಪರೀಕ್ಷೆ ಮಾಡೋ ಮೇಜಿನ ಹಿಂದೆ ಅದು ಯಾವಾಗ್ಲೂ ಚುಚ್ಚೇ ಇರುತ್ತೆ. ದಿನಾ ಅದನ್ನ ಎತ್ತಿ ಗುಡಿಸೋನು ನಾನು. ಡಿಸ್ಕಲ್ಲಿ ಇಲ್ಲದ ಪ್ಯಾಕೇಜನ್ನ ಕಂಪ್ಯೂಟರು ಸದ್ದಿಲ್ದೆ ಆ ತಂತಿಯಿಂದ ಎಳ್ಕೊಂಡು ‘ಆಯ್ತು’ ಅನ್ನುತ್ತೆ. ಗುಡ್ಡದ ಮೇಲೆ ತಂತಿ ಎಲ್ಲಿದೆ? ತಂತಿ ಕಿತ್ತು, ಅಣ್ಣನ ಡಿಸ್ಕನ್ನ ಹಾಕ್ದೆ, ನಿಂತುಹೋಯ್ತು. ಒಂದೇ ಒಂದು ಪ್ಯಾಕೇಜ್ ಕಮ್ಮಿ. ಅದನ್ನ ಸೇರಿಸಿ ಬೇರೆ ಡಿಸ್ಕ್ ಮಾಡ್ದೆ. ತಂತಿಯಿಲ್ದೆ ಖಾಲಿ ಕಂಪ್ಯೂಟರಿಗೆ ಹಾಕ್ದೆ. ಎದ್ದಿತು.”

ಸರಕು ಒಳ್ಳೆಯದೇ ಇರಬಹುದು. ತೂಗುವಾಗ ತಕ್ಕಡಿಯ ಮೇಲೆ ಯಾರ ಬೆರಳಿದೆ ಎಂದು ಬಗ್ಗಿ ನೋಡಿದವನು ಇವನೊಬ್ಬನೇ.

“ಇದಕ್ಕೆ ಹನ್ನೆರಡು ತಲೆ ಹೋಯಿತು,” ಎಂದಳು ರಾಣಿ.

“ಗುಡಿಸೋನನ್ನ ಯಾರೂ ಕೇಳ್ಲಿಲ್ಲ, ತಾಯಿ.”

ಡಿಸ್ಕ್ ಅಂದೇ ಗುಡ್ಡ ಹತ್ತಿತು. ಸಂಜೆಯೊಳಗೆ ಒಂದೇ ಕಂಪ್ಯೂಟರಿನಲ್ಲಿ ಮೂರೂ ಕೆಲಸ ನಡೆಯತೊಡಗಿದವು. ಸಾರಿದ ಮಾತಿನಂತೆ ಯಂತ್ರಶಾಲೆಯ ಬೀಗದ ಕೈ ಕೆಂಚನಿಗೆ ಬಂತು.

ತಿಂಗಳ ಮೇಲೆ ತಾಯಿ ಗುಣವಾಗಿ ಗುಡ್ಡ ಇಳಿದು, ನೇರ ಯಂತ್ರಶಾಲೆಗೇ ಬಂದಳು. ಯಜಮಾನನ ಕುರ್ಚಿ ಖಾಲಿ ಇತ್ತು. ಕೆಂಚ ಪರೀಕ್ಷೆಯ ಮೇಜಿನ ಕೆಳಗೆ ಬಗ್ಗಿ, ಯಾರೋ ಮರೆತು ಮತ್ತೆ ಚುಚ್ಚಿದ್ದ ತಂತಿಯನ್ನು ಕೀಳುತ್ತಿದ್ದ.

“ದೊಡ್ಡೋನೆಲ್ಲೋ?” ಎಂದಳು.

ತಂತಿ ಕೈಗೆ ಬಂದು ಎಷ್ಟೋ ಹೊತ್ತಾದರೂ ಅವನು ಮೇಜಿನ ಕೆಳಗಿನಿಂದ ಏಳಲಿಲ್ಲ.